ಕಳಕಪ್ಪನ ಮೂರನೆಯ ತಾರೀಕು

ಮಲಪ್ರಭೆಯ ದಂಡೆಯ ಮಠದಲ್ಲಿ ಕಳಕಪ್ಪ ಹದಿನೆಂಟು ವರ್ಷ ಗುರುಗಳ ಮುಂದೆ ಕೂತು ತತ್ವಪದ ಕಲಿತಿದ್ದ. ಸಂಜೆಯ ಭಜನೆಗೆ ಅವನದೇ ದನಿ.

ಎಲೆ ಅಡಿಕೆಯ ಜೊತೆ ತಂಬಾಕು ಸೇರಿಸಿ ದವಡೆಯಲ್ಲಿ ಒತ್ತಿಟ್ಟುಕೊಳ್ಳುವ ಚಟ ಅವನಿಗಿತ್ತು. ಎಡಗೆನ್ನೆಯೊಳಗೆ ಹುಣ್ಣಾಯಿತು, ಮಾಯಲಿಲ್ಲ. ತುಣುಕು ತೆಗೆದು ಪರೀಕ್ಷಿಸಿದ ಡಾಕ್ಟರು ಕ್ಯಾನ್ಸರ್ ಅಂದರು. ದವಡೆಯ ಎಲುಬಿನ ಒಂದು ಭಾಗ ತೆಗೆಯಬೇಕು, ನಾಲಿಗೆಯ ಅಂಚೂ ಹೋಗುತ್ತದೆ, ತೊಡೆಯ ಮಾಂಸ ತಂದು ಕೆನ್ನೆಗೆ ಕೂಡಿಸುತ್ತೇವೆ ಎಂದರು.

ಆಪರೇಷನ್ನಿಗೆ ಎರಡು ಸಲ ತಾರೀಕು ಕೊಟ್ಟರು. ಎರಡು ಸಲವೂ ಅವನು ಹೋಗಲಿಲ್ಲ. ಮೂರನೆಯದನ್ನೂ ತಪ್ಪಿಸಿದರೆ ಕೈಮೀರುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು.

ಆಸ್ಪತ್ರೆಗೆ ಸೇರಬೇಕಾದ ದಿನ ಬೆಳಿಗ್ಗೆ ಕಳಕಪ್ಪ ಬಸ್‌ಸ್ಟ್ಯಾಂಡಿಗೆ ಹೋಗದೆ ಹೊಳೆಗೆ ಬಂದ. ಅವನ ಗುರು ನಿರುಪಾಧಿ ಅಜ್ಜ ಬಟ್ಟೆ ಒಗೆಯುತ್ತಿದ್ದರು.

ಹೆದರಿಕೆ ಹೋಗುವಂಥ ಮಂತ್ರ ಕೊಡಿ, ಅದು ಹೋದ ಕೂಡಲೇ ನಾನೂ ಆಸ್ಪತ್ರೆಗೆ ಹೋಗುತ್ತೇನೆ ಎಂದು ಬೇಡಿದ.

"ಯಾತರ ಹೆದರಿಕಿ?" ಗುರು ಕೇಳಿದರು.

ಕಳಕಪ್ಪ ಹೇಳತೊಡಗಿದ. ಸೂಜಿ ಚುಚ್ಚಿ ಮಲಗಿಸಿದ ಮೇಲೆ ಎಚ್ಚರವೇ ಆಗದಿದ್ದರೆ? ಎಚ್ಚರವಾದರೂ ನಾಲಿಗೆ ಹೊರಳದಿದ್ದರೆ? ಹಾಡು ಹೋದರೆ? ಮೊಮ್ಮಗಳು ಮುಖ ನೋಡಿ ಓಡಿಹೋದರೆ?

ಹೆದರಬೇಡ ಎಂದು ಗುರು ಅನ್ನಲಿಲ್ಲ.

"ಇದನ್ನ ಫಕೀರವ್ವಗ ಹೇಳೀಯೇನು?"

ಹೆಂಡತಿಗೆ ಅವನು ಹೇಳಿರಲಿಲ್ಲ. ತಾರೀಕನ್ನು ಡಾಕ್ಟರೇ ಮುಂದೂಡಿದರು ಎಂದು ಎರಡು ಸಲವೂ ಸುಳ್ಳು ಹೇಳಿದ್ದ.

ಗುರು ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೇ ಬಿಟ್ಟು ಅವನನ್ನು ಕರೆದುಕೊಂಡು ಅವನ ಮನೆಗೆ ನಡೆದರು.

ಫಕೀರವ್ವ ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. ಕಳಕಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ, ಸುಳ್ಳನ್ನೂ. ಆಕೆ ಚೀಲ ಕೆಳಗಿಟ್ಟಳು.

"ನಾನೂ ಹೆದರೀನಿ," ಅಂದಳು. "ನಿಮಗ ಗೊತ್ತಾದೀತಂತ ಬಚ್ಚಲದಾಗ ಹೋಗಿ ಅಳ್ತಿದ್ದೆ."

ಗುರು ಕಟ್ಟೆಯ ಮೇಲೆ ಕೂತರು. ಆಪರೇಷನ್ ಆದ ಮೇಲೆ ಕೆಲವು ದಿನ ಮಾತು ಬರುವುದಿಲ್ಲವಂತೆ, ಸನ್ನೆಗಳನ್ನು ಈಗಲೇ ಗೊತ್ತುಮಾಡಿಕೊಳ್ಳಿ ಎಂದರು. ಗಂಡ ಹೆಂಡತಿ ಎದುರುಬದುರು ಕೂತು ಗೊತ್ತುಮಾಡಿದರು. ನೋವಾದರೆ ಮುಷ್ಟಿ ಬಿಗಿಯುವುದು. ಉಸಿರು ಕಟ್ಟಿದಂತಾದರೆ ಮಂಚ ಬಡಿಯುವುದು. ಹೆದರಿಕೆಯಾದರೆ ಏನು ಎಂದು ಕಳಕಪ್ಪನಿಗೆ ಹೊಳೆಯಲಿಲ್ಲ. ನನ್ನ ಸೆರಗು ಹಿಡಿಯಿರಿ ಎಂದು ಫಕೀರವ್ವನೇ ಹೇಳಿದಳು.

ಮೂವರೂ ಬಸ್‌ಸ್ಟ್ಯಾಂಡಿಗೆ ಬಂದರು. ಬಸ್ಸು ತಿರುವಿನಲ್ಲಿ ಕಂಡಾಗ ಕಳಕಪ್ಪನ ಕಾಲು ಮುಂದೆ ಸಾಗಲಿಲ್ಲ.

"ಹೆದರಿಕಿ ಇನ್ನೂ ಹೋಗಿಲ್ರಿ, ಅಜ್ಜಾರ."

ಗುರು ಫಕೀರವ್ವನ ಕೈಯಿಂದ ಚೀಲ ಇಸಿದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು.

"ಅದು ಹೋಗದಿದ್ರ ಇರ್ಲಿ. ಹೋಗಬೇಕಾದವ್ರು ನಾವು. ನಡಿ."