ಸಂಕಷ್ಟಿ ಚಂದ್ರನಿಗೊಂದು ಟೆಲಿಸ್ಕೋಪು

ಬಸ್ ಕಂಡಕ್ಟರ್ ಕಾತ್ಯಾಯಿನಿಯ ತಾಯಿ ಸೀತಾಲಕ್ಷ್ಮಮ್ಮ ಒಂದು ಸಂಕಷ್ಟಿಯನ್ನೂ ತಪ್ಪಿಸಿದವರಲ್ಲ. ಅವತ್ತು ಇಡೀ ದಿನ ಉಪವಾಸ. ರಾತ್ರಿ ಚಂದ್ರನನ್ನು ಕಣ್ಣಾರೆ ನೋಡಿ ಕೈ ಮುಗಿದ ಮೇಲೆಯೇ ಊಟ. ಆದರೆ ಈಚೆಗೆ ಕಣ್ಣು ಕೈಕೊಟ್ಟಿತ್ತು. ನರವೇ ಸೋತಿದೆ, ಆಪರೇಷನ್ ಮಾಡಿದರೂ ಪ್ರಯೋಜನವಿಲ್ಲ, ಇರುವ ದೃಷ್ಟಿಯೂ ಬರಬರುತ್ತಾ ಮಂಕಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಈಗ ಮನೆಯವರು ಯಾರಾದರೂ “ಅಗೋ, ಚಂದ್ರ ಬಂದ” ಎಂದರೆ ಅವರು ಆ ದಿಕ್ಕಿಗೆ ಕೈ ಮುಗಿದು ಊಟಕ್ಕೆ ಕೂರುತ್ತಿದ್ದರು.

“ಬೇರೆಯವರು ನೋಡಿ ಹೇಳಿದ ಮೇಲೆ ಉಣ್ಣೋದು ಸಾಕಾಗಿದೆ ಕಣೇ,” ಎಂದರು ಒಂದು ದಿನ. “ಪೂರ್ತಿ ಕತ್ತಲಾಗೋದ್ರೊಳಗೆ ಒಂದ್ಸಲ ನಾನೇ ನೋಡಬೇಕು.”

ಕಾತ್ಯಾಯಿನಿಯ ಹತ್ತಿರ ಚೀಟಿ ಎತ್ತಿದ ದುಡ್ಡು ಸ್ವಲ್ಪ ಇತ್ತು. ಅದನ್ನು ತೆಗೆದುಕೊಂಡು ನಜೀರ್ ಸಾಹೇಬರ ಕನ್ನಡಕದಂಗಡಿಗೆ ಹೋದಳು. ಅವರು ಟೆಲಿಸ್ಕೋಪನ್ನೂ ಮಾರುತ್ತಿದ್ದರು.

ಅವಳ ದುಡ್ಡಿಗೆ ಸಿಗುವಂಥವು ಎರಡಿದ್ದವು. ಒಂದು ಉದ್ದಕ್ಕೆ, ಮಿರಮಿರ ಮಿಂಚುತ್ತಿತ್ತು. ಮೂರು ಕಾಲಿನ ಸ್ಟ್ಯಾಂಡು. ಡಬ್ಬದ ಮೇಲೆ ‘ಐನೂರು ಪಟ್ಟು ದೊಡ್ಡದು’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಇನ್ನೊಂದು ಮರದ ಹಲಗೆಯ ಮೇಲೆ ಕೂತ ಗಿಡ್ಡ, ದಪ್ಪ ಕೊಳವೆ. ಅದರದ್ದು ಬರೀ ಮೂವತ್ತು ಪಟ್ಟು.

“ನೋಡೋರು ಯಾರಮ್ಮ?” ಎಂದರು ಸಾಹೇಬರು.

“ಯಾರಾದ್ರೇನು ಸಾಹೇಬ್ರೇ! ಅದೇ ದುಡ್ಡಿಗೆ ಐನೂರು ಸಿಗೋವಾಗ ಮೂವತ್ತು ತಗೊಳ್ಳೋಕೆ ನನಗೇನು ತಲೆ ಕೆಟ್ಟಿದ್ಯಾ?”

ದಿನವಿಡೀ ಚಿಲ್ಲರೆಗೆ ಜಗಳಾಡುವವಳ ಹತ್ತಿರ ಮಾತಲ್ಲಿ ಗೆಲ್ಲುವುದುಂಟೇ? ಸಾಹೇಬರು ಐನೂರರ ಡಬ್ಬವನ್ನೇ ಕಟ್ಟಿಕೊಟ್ಟರು.

ಸಂಕಷ್ಟಿ ಬಂತು. ತಾರಸಿಯ ಮೇಲೆ ಮಿಂಚುವ ಟೆಲಿಸ್ಕೋಪು ನಿಂತಿತು. ಅಕ್ಕಪಕ್ಕದವರೂ ಬಂದರು. ಕಾತ್ಯಾಯಿನಿ ಹೆಣಗಾಡಿ ಚಂದ್ರನನ್ನು ಹಿಡಿದು, “ಅಮ್ಮಾ, ಬೇಗ ನೋಡು!” ಎಂದಳು. ಸೀತಾಲಕ್ಷ್ಮಮ್ಮ ಸೊಂಟ ಹಿಡಿದುಕೊಂಡು ಬಗ್ಗುವಷ್ಟರಲ್ಲಿ ಚಂದ್ರ ಜಾರಿಹೋಗಿದ್ದ. ಮತ್ತೆ ಹಿಡಿದಳು. ಈ ಸಲ ಅಮ್ಮನ ಹಣೆ ತಾಕಿ ಸ್ಟ್ಯಾಂಡು ಗಡಗಡ ನಡುಗಿತು. ಹಾಗೂ ಹೀಗೂ ಒಮ್ಮೆ ಕಣ್ಣಿಗೆ ಸಿಕ್ಕಿದ್ದು ಬರೀ ಬೂದಿಬಣ್ಣದ ಮಬ್ಬು.

“ಏನೂ ಕಾಣ್ತಿಲ್ಲ ಮಗಳೇ,” ಎಂದರು ಕೊನೆಗೆ. “ಎಲ್ಲಿದಾನೆ ಹೇಳು, ಕೈ ಮುಗಿದು ಊಟ ಮಾಡ್ತೀನಿ.”

ಅಡುಗೆಮನೆಯಲ್ಲಿ ಅಮ್ಮನಿಗೆ ಬಡಿಸುತ್ತಾ ಕಾತ್ಯಾಯಿನಿ ಬಿಕ್ಕಿಬಿಕ್ಕಿ ಅತ್ತಳು. ಅಮ್ಮನ ಕಣ್ಣು ಮುಂದಿನ ಸಂಕಷ್ಟಿಯವರೆಗೆ ಕಾಯುತ್ತದೆಂದು ಹೇಳುವವರು ಯಾರು?

ಬೆಳಗಾಗುತ್ತಲೇ ಟೆಲಿಸ್ಕೋಪನ್ನು ಆಟೋದಲ್ಲಿ ಹಾಕಿದಳು. ಈ ಸಲ ಪಕ್ಕದಲ್ಲಿ ಅಮ್ಮನನ್ನೂ ಕೂರಿಸಿಕೊಂಡಳು. ಸಾಹೇಬರು ಬೈಯಲಿಲ್ಲ, ಹಂಗಿಸಲಿಲ್ಲ. ಎರಡನ್ನೂ ಅಂಗಡಿಯ ಬಾಗಿಲಲ್ಲಿಟ್ಟು ದೂರದ ನೀರಿನ ಟ್ಯಾಂಕಿನ ಕಡೆ ತಿರುಗಿಸಿ, “ನೀವೇ ನೋಡಿ ತಾಯಿ,” ಎಂದರು.

ಸೀತಾಲಕ್ಷ್ಮಮ್ಮ ಒಂದಾದ ಮೇಲೊಂದು ನೋಡಿ ಗಿಡ್ಡ ಕೊಳವೆಯ ಮೇಲೆ ಕೈಯಿಟ್ಟರು. “ಇದೇ ಸಾಕು.”

“ಅಯ್ಯೋ ಅಮ್ಮ, ಅದು ಬರೀ ಮೂವತ್ತು ಪಟ್ಟು!”

“ಐನೂರು ಪಟ್ಟು ಇಟ್ಕೊಂಡು ನಾನೇನು ಮಾಡ್ಲಿ? ಇದರಲ್ಲಿ ಟ್ಯಾಂಕ್ ಮೇಲೆ ಕೂತಿರೋ ಕಾಗೆ ಕಾಣ್ತಿದೆ ಕಣೇ!”

ಸಾಹೇಬರು ಹಳೆಯದನ್ನು ವಾಪಸು ತೆಗೆದುಕೊಂಡು ಗಿಡ್ಡದನ್ನು ಕೊಟ್ಟರು.

ಮುಂದಿನ ಸಂಕಷ್ಟಿಗೆ ಅದನ್ನು ತಾರಸಿಯ ಕಟ್ಟೆಯ ಮೇಲೆ ಇಟ್ಟರು. ಅಲುಗಾಟವಿಲ್ಲ, ಗಡಿಬಿಡಿಯಿಲ್ಲ. ಸೀತಾಲಕ್ಷ್ಮಮ್ಮ ಕುರ್ಚಿಯಲ್ಲಿ ಕೂತು, ನಿಧಾನವಾಗಿ ಕಣ್ಣಿಟ್ಟರು.

“ಅಮ್ಮಾ, ಕಾಣ್ತಾ?” ಕಾತ್ಯಾಯಿನಿ ಕುರ್ಚಿಯ ಪಕ್ಕಕ್ಕೆ ಬಗ್ಗಿ ಕೇಳಿದಳು.

“ಅಬ್ಬಬ್ಬಾ! ಮೈ ತುಂಬ ಗುಂಡಿ ಕಣೇ ಇವನಿಗೆ! ಇಷ್ಟು ವರ್ಷ ಕೈ ಮುಗಿದಿದೀನಿ, ಒಂದ್ ದಿನಾನೂ ಹೇಳಲಿಲ್ಲ ನೋಡು!” ಎಂದು ಅವರು ಎಳೆಮಕ್ಕಳ ಹಾಗೆ ನಕ್ಕರು.

ಕೆಳಗೆ ಎಲೆ ಹಾಕಿತ್ತು, ಅನ್ನ ಆರುತ್ತಿತ್ತು. ಕಾತ್ಯಾಯಿನಿ ಕರೆದಳು, ಮತ್ತೊಮ್ಮೆ ಕರೆದಳು. ಬೆಳಗಿನಿಂದ ಹನಿ ನೀರೂ ಮುಟ್ಟದ ಸೀತಾಲಕ್ಷ್ಮಮ್ಮ ಕೊಳವೆಯಿಂದ ಕಣ್ಣು ತೆಗೆಯದೆ ಹೇಳಿದರು: “ನೀನು ಊಟ ಮಾಡ್ಕೋ ಹೋಗೇ. ನಾನು ಇನ್ನೊಂಚೂರು ನೋಡಿ ಬರ್ತೀನಿ.”

ನೀತಿ: ವಸ್ತು ಎಷ್ಟು ದೊಡ್ಡದು ಎಂದು ಕೇಳುವ ಮೊದಲು, ಅದನ್ನು ಬಳಸುವವರು ಯಾರು ಎಂದು ಕೇಳಿ. ಕೈಯಲ್ಲಿ ದುಡ್ಡು ಕಡಿಮೆಯಿದ್ದಾಗಲಂತೂ ಇನ್ನೊಂದು ಸಲ ಕೇಳಿ.