ನಾಗವೇಣಿ ಆರಿಸಿದ ಬೋಟು

ಮೀನು ಮಾರುವ ನಾಗವೇಣಿ ಪ್ರವಾಸಿಗರಿಗೆ ವಾಟರ್ ಸ್ಪೋರ್ಟ್ಸ್ ನಡೆಸಬೇಕೆಂದು ಅಗ್ಗದ ಹಳೆಯ ಮೋಟಾರ್ ಬೋಟು ಹುಡುಕುತ್ತಿದ್ದಳು. ರೆಸಾರ್ಟ್ ಮಾಲೀಕ ಉಲ್ಲಾಸರಾಯರ ಬಳಿ ಒಂದಿತ್ತು. ಹೊಸ ಬಣ್ಣ ಬಳಿದು ಮರಳ ಮೇಲೆ ಮದುಮಗಳ ಹಾಗೆ ನಿಲ್ಲಿಸಿದ್ದರು.

"ಒಮ್ಮೆ ಓಡಿಸಿ ತೋರಿಸಿ," ಎಂದಳು ನಾಗವೇಣಿ.

ರಾಯರು ಗದರಿದರು. "ನನ್ನ ಮಾತಿನ ಮೇಲೆ ನಂಬಿಕೆ ಇಲ್ಲವೋ? ಇದರಲ್ಲಿ ಕಣ್ಣು ಮುಚ್ಚಿಕೊಂಡು ಎದುರಿನ ದ್ವೀಪಕ್ಕೆ ಹೋಗಬಹುದು. ಸಂಜೆಯೊಳಗೆ ದುಡ್ಡು ಕೊಡು, ಇಲ್ಲದಿದ್ದರೆ ಗೋವಾದವರು ಒಯ್ಯುತ್ತಾರೆ."

"ಆಯ್ತು ಒಡೆಯ. ದುಡ್ಡು ಹಿಡಿದುಕೊಂಡು ನಾನು ದ್ವೀಪದಲ್ಲೇ ಕೂತಿರ್ತೇನೆ. ಬೋಟು ಅಲ್ಲಿಗೇ ತನ್ನಿ. ಕಣ್ಣು ಬೇಕಾದರೆ ತೆರೆದುಕೊಂಡೇ ಬನ್ನಿ."

ಸುತ್ತ ನಿಂತಿದ್ದ ಮೀನುಗಾರರು ನಕ್ಕರು. ಅಷ್ಟು ಜನರೆದುರು ಆಗದು ಎನ್ನಲಾಗದೆ ರಾಯರು ಒಪ್ಪಿಕೊಂಡರು.

ಇಳಿಹೊತ್ತಿಗೆ ರಾಯರು ದ್ವೀಪ ತಲುಪಿದರು. ಬೋಟಿನಲ್ಲಿ ಎದೆ ಸೆಟೆದು ಕೂತು ಸ್ಟಿಯರಿಂಗ್ ಹಿಡಿದಿದ್ದರು. ಎಂಜಿನ್ ಮಾತ್ರ ಉಸಿರೆತ್ತಿರಲಿಲ್ಲ. ಮುಂದೆ ಮೀನುಗಾರ ಶನಿಯಾರನ ಬಣ್ಣಗೆಟ್ಟ ಮೋಟಾರು ದೋಣಿ ಹೊಗೆ ಉಗುಳುತ್ತ, ಹಗ್ಗ ಕಟ್ಟಿ ಅವರನ್ನು ಎಳೆದು ತರುತ್ತಿತ್ತು.

"ತಗೋ, ತಂದಿದ್ದೇನೆ," ಎಂದು ರಾಯರು ಬೆವರು ಒರೆಸಿಕೊಂಡು ಕೈ ಚಾಚಿದರು.

ನಾಗವೇಣಿ ಸೆರಗಿನ ಗಂಟು ಬಿಚ್ಚಿ ಶನಿಯಾರನ ಕಡೆ ತಿರುಗಿದಳು. "ನಿನ್ನ ದೋಣಿ ಮಾರ್ತೀಯಾ ಅಣ್ಣ? ಒಂದೇ ಎಂಜಿನ್ನಿನಲ್ಲಿ ಎರಡು ಬೋಟು ಓಡಿಸ್ತದೆ."