ಪಾತ್ರೆ ಕೇಳದ ಮನೆ

“ಅಪ್ಪಾವರೇ, ಹೊಟ್ಟೆ ತುಂಬಿದವರಿಗೇ ಸಾಮಾನಿನ ಆಸೆ ಹೆಚ್ಚು, ಯಾಕೆ?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಸಿದ್ಧಮಲ್ಲ. ಎರಡು ತಿಂಗಳು ಸಿರಿವಂತರ ಊರೊಂದರಲ್ಲಿ ಭಿಕ್ಷೆ ಮಾಡಿಕೊಂಡಿದ್ದು ಅಂದೇ ಮಠಕ್ಕೆ ಮರಳಿದ್ದ. ಆ ಊರಿನಲ್ಲಿ ಯಾರಿಗೂ ಉಣ್ಣಲು ಉಡಲು ಕೊರತೆಯಿರಲಿಲ್ಲ. ಆದರೂ ಯಾವ ಮನೆಗೆ ಹೋದರೂ ತಂದ ಸಾಮಾನಿನ ಮಾತು, ಇಲ್ಲವೇ ಇನ್ನು ತರಬೇಕಾದ ಸಾಮಾನಿನ ಮಾತು. ಒಂದು ಮನೆಯವರಂತೂ ಭಿಕ್ಷೆ ನೀಡುವ ಮೊದಲೇ ಅವನನ್ನು ಒಳಗೆ ಕರೆದು ಹೊಸ ತೂಗುಮಂಚ ತೋರಿಸಿದ್ದರು. ಬಡವರ ಆಸೆ ತನಗೆ ಅರ್ಥವಾಗುತ್ತದೆ, ಇವರದು ಅರ್ಥವಾಗುವುದಿಲ್ಲ ಎಂದು ಅವನು ಹೇಳಿಕೊಂಡ.

ಗುರುಗಳ ಮಾತು ಯಾವಾಗಲೂ ಸ್ವಲ್ಪ ಖಾರ. ತೂಗುಮಂಚದ ಮೇಲೆ ಕುಳಿತು ನೋಡಿದೆಯೋ ಇಲ್ಲವೋ ಎಂದು ಕೇಳಿದರು. ಶಿಷ್ಯ ತಲೆ ತಗ್ಗಿಸಿದ. ಕುಳಿತಿದ್ದರೆ ಕುಳಿತೆ ಅನ್ನು, ಅದಕ್ಕೇನು ನಾಚಿಕೆ ಎಂದು ನಕ್ಕು, ಗುರುಗಳು ಕತೆ ಹೇಳತೊಡಗಿದರು.

ಒಂದು ಊರಿನ ಒಂದು ಬೀದಿಯಲ್ಲಿ ಮೂವತ್ತು ಮನೆಗಳಿದ್ದವು. ಎಲ್ಲರದೂ ಅಷ್ಟಕ್ಕಷ್ಟೇ. ಮದುವೆಗೆ ಸಾಲುವಷ್ಟು ಪಾತ್ರೆ ಯಾರ ಮನೆಯಲ್ಲೂ ಇರಲಿಲ್ಲ. ಒಬ್ಬರಲ್ಲಿ ಕೊಪ್ಪರಿಗೆಯಿದ್ದರೆ ಇನ್ನೊಬ್ಬರಲ್ಲಿ ಹಂಡೆ, ಮತ್ತೊಬ್ಬರಲ್ಲಿ ದೊಡ್ಡ ಸೌಟು. ಮದುವೆ ಇಟ್ಟುಕೊಂಡವರು ಮನೆ ಮನೆಗೆ ಹೋಗಿ ಪಾತ್ರೆ ಕೇಳುತ್ತಿದ್ದರು. ಕೊಟ್ಟ ಪಾತ್ರೆಯ ಹಿಂದೆ ಕೊಟ್ಟವರೂ ಹೋಗಬೇಕು, ಇದು ಆ ಬೀದಿಯ ಪದ್ಧತಿ. ಕೊಪ್ಪರಿಗೆ ಯಾರದೋ ಅವರೇ ಅದನ್ನು ಹೊತ್ತು ತರಬೇಕು, ಅಡುಗೆಗೆ ಕೈ ಹಚ್ಚಬೇಕು, ಎಲ್ಲ ಮುಗಿದ ಮೇಲೆ ತೊಳೆದುಕೊಂಡು ಒಯ್ಯಬೇಕು. ಪಾತ್ರೆ ಕೇಳಿದರೆ ಅದೇ ಕರೆ. ಬೇರೆ ಕರೆಯುವ ರೂಢಿ ಅಲ್ಲಿರಲಿಲ್ಲ.

ಹೆರಿಗೆಗೂ ಹಾಗೆಯೇ. ನೀರು ಕಾಯಿಸಲು ಒಂದು ಹಂಡೆ ಕೇಳಿದರೆ ಹಂಡೆಯ ಹಿಂದೆ ನಾಲ್ಕು ಹೆಂಗಸರು ಬರುತ್ತಿದ್ದರು. ಕೇಳದೆ ಮಾತ್ರ ಯಾರೂ ಹೆರಿಗೆಯ ಮನೆಗೆ ಕಾಲಿಡುತ್ತಿರಲಿಲ್ಲ. ಏನಾದರೂ ಹೆಚ್ಚುಕಮ್ಮಿಯಾದರೆ, ಕರೆಯದೆ ಬಂದವಳ ಕಣ್ಣು ತಾಗಿತು ಅನ್ನುತ್ತಾರಲ್ಲ, ಅದಕ್ಕೆ.

ಆ ಬೀದಿಯಲ್ಲಿ ಒಬ್ಬ ಅರಳೆ ವ್ಯಾಪಾರಿಯಿದ್ದ. ಊರಿಗೆ ಹೊಸ ರಸ್ತೆ ಬಂತು, ಅವನ ವ್ಯಾಪಾರ ಕುದುರಿತು. ಅವನ ಬೆನ್ನಿಗೆ ಬೀದಿಯೂ ಚೇತರಿಸಿಕೊಂಡಿತು. ಅಷ್ಟರಲ್ಲಿ ಅವನ ಒಬ್ಬಳೇ ಮಗಳ ಮದುವೆ ನಿಶ್ಚಯವಾಯಿತು. ವ್ಯಾಪಾರಿ ಕೆಟ್ಟವನಲ್ಲ. ಕೈಯಲ್ಲಿ ಆಗುವಾಗ ಯಾರಿಗೂ ತೊಂದರೆ ಕೊಡಬಾರದು ಎಂದುಕೊಂಡು, ಮದುವೆಗೆ ಬೇಕಾದ ಪಾತ್ರೆಯನ್ನೆಲ್ಲ ತಾನೇ ಕೊಂಡ. ಅಡುಗೆಯವರನ್ನೂ ಪಾತ್ರೆ ತೊಳೆಯುವವರನ್ನೂ ಪರ ಊರಿನಿಂದ ಕರೆಸಿದ. ಬೀದಿಯವರಿಗೆ ಅರಿಸಿನ ಹಚ್ಚಿದ ಕಾಗದ ಕಳಿಸಿದ.

ಜನ ಬಂದರು. ಸಾಲಾಗಿ ಕುಳಿತರು, ಉಂಡರು, ಕೈ ತೊಳೆದು ಹೋದರು. ನಿಂತು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವಾಗ ಅಂಗಳದಲ್ಲಿ ಉಳಿದವರು ಅಡುಗೆಯವರು ಮಾತ್ರ. ವ್ಯಾಪಾರಿಯ ಮನಸ್ಸಿಗೆ ಬಹಳ ನೋವಾಯಿತು. ಎಲ್ಲಿ ತಪ್ಪಿತು ಎಂದು ಹಲವು ದಿನ ಯೋಚಿಸಿದ. ಹಿತ್ತಾಳೆಯ ಪಾತ್ರೆ ತಂದದ್ದೇ ತಪ್ಪು, ಬೆಳ್ಳಿಯದು ತರಬೇಕಿತ್ತು ಎಂದು ಕೊನೆಗೆ ತೀರ್ಮಾನಿಸಿದ.

ನಗಬೇಡ ಸಿದ್ಧಮಲ್ಲ. ಅವನ ಜಾಗದಲ್ಲಿದ್ದರೆ ನೀನೂ ಅದನ್ನೇ ಅಂದುಕೊಳ್ಳುತ್ತಿದ್ದೆ.

ಅವನ ಮನೆಗೆ ಬೆಳ್ಳಿ ಬಂತು. ಉಳಿದ ಮನೆಯವರಿಗೂ ಸುಮ್ಮನಿರಲು ಆಗಲಿಲ್ಲ. ಎಲ್ಲರೂ ಕೇಳುತ್ತಿದ್ದಾಗ ಕೇಳುವುದರಲ್ಲಿ ನಾಚಿಕೆಯಿರಲಿಲ್ಲ. ಒಬ್ಬ ಕೇಳುವುದನ್ನು ಬಿಟ್ಟ ಮೇಲೆ, ಕೇಳುವವರು ಗತಿಯಿಲ್ಲದವರು ಎನಿಸಿಕೊಂಡರು. ಹಾಗಾಗಿ ಮೂವತ್ತು ಮನೆಗೂ ಮೂವತ್ತು ಕೊಪ್ಪರಿಗೆ ಬಂದವು. ವರ್ಷಕ್ಕೊಮ್ಮೆಯೂ ಒಲೆ ಕಾಣದ ಕೊಪ್ಪರಿಗೆಗಳು. ಅವನ್ನು ಇಡಲು ಒಂದು ಕೋಣೆ, ಕೋಣೆಗೆ ಒಂದು ಬೀಗ. ಐದು ವರ್ಷದಲ್ಲಿ ಆ ಬೀದಿಯಲ್ಲಿ ಒಂದು ಸೌಟು ಕೂಡ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲಿಲ್ಲ. ಯಾರಾದರೂ ಏನು ಬೇಕು ಎಂದು ಕೇಳಿದರೆ, ಏನೂ ಬೇಡ, ಮನೆಯಲ್ಲಿ ಎಲ್ಲ ಇದೆ ಅನ್ನುವುದೇ ಮರ್ಯಾದೆಯಾಯಿತು.

ಆರನೆಯ ವರ್ಷ ವ್ಯಾಪಾರಿಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವನು ದೂರದ ಪೇಟೆಯಲ್ಲಿ ಹೆಸರುವಾಸಿ ಸೂಲಗಿತ್ತಿಯೊಬ್ಬಳನ್ನು ಗೊತ್ತು ಮಾಡಿದ್ದ. ಆದರೆ ನೋವು ಹದಿನೈದು ದಿನ ಮೊದಲೇ ಕಾಣಿಸಿಕೊಂಡಿತು. ಬೆಳಿಗ್ಗೆ ಗಾಡಿ ಕಳಿಸಿದ. ಅದು ಹೋಗಿ ಬರುವುದಕ್ಕೆ ಸಂಜೆಯಾಗುತ್ತದೆ. ಮಗು ಅಡ್ಡವಾಗಿತ್ತು. ಮಗಳು ತಾಯಿಯ ಕೈ ಬಿಡುತ್ತಿರಲಿಲ್ಲ. ಹೆಂಡತಿ ಕುಳಿತಲ್ಲಿಂದಲೇ, ಬೇಗ ಹೋಗಿ ಈರವ್ವನನ್ನು ಕರೆದುಕೊಂಡು ಬನ್ನಿ ಎಂದಳು.

ಈರವ್ವ ಪಕ್ಕದ ಮನೆಯವಳು. ಆ ಬೀದಿಯ ಅರ್ಧ ಮಕ್ಕಳು ಹುಟ್ಟಿದ್ದು ಅವಳ ಕೈಯಲ್ಲಿ. ಅಡ್ಡ ಬಂದ ಮಗುವನ್ನು ಹೊಟ್ಟೆ ನೀವಿ ತಿರುಗಿಸುವುದು ಅವಳಿಗೆ ಗೊತ್ತಿತ್ತು. ಈಗ ನೋವು ತಿನ್ನುತ್ತಿದ್ದ ಮಗಳನ್ನು ಹುಟ್ಟಿದಾಗ ಎತ್ತಿಕೊಂಡವಳೂ ಅವಳೇ.

ವ್ಯಾಪಾರಿ ಹೊರಟ. ಆ ಮನೆಯ ಬಾಗಿಲಿಗೆ ಬಂದಾಗ, ಐದು ವರ್ಷದಿಂದ ತಾನು ಅಲ್ಲಿ ನಿಂತೇ ಇಲ್ಲ ಎಂಬುದು ನೆನಪಾಯಿತು. ಬರಿಗೈಯಲ್ಲಿ ಹೋಗಿ ಹೇಗೆ ಕೇಳುವುದು ಎಂದು ಮನೆಗೆ ಮರಳಿ ಒಂದು ಬೆಳ್ಳಿಯ ಬಟ್ಟಲು ತೆಗೆದುಕೊಂಡು ಬಂದ. ಅಷ್ಟರಲ್ಲಿ ಈರವ್ವ ಹೊಸ್ತಿಲಲ್ಲಿ ನಿಂತಿದ್ದಳು. ಬೆಳಗಿನಿಂದ ಗೋಡೆಯಾಚೆಯ ನರಳಾಟ ಅವಳಿಗೆ ಕೇಳಿಸುತ್ತಿತ್ತು. ಆಗಲೇ ಸೀರೆ ಎತ್ತಿ ಕಟ್ಟಿ, ಕೈ ತೊಳೆದು, ಹರಳೆಣ್ಣೆಯ ಗಿಂಡಿ ಹಿಡಿದುಕೊಂಡು ಕಾಯುತ್ತಿದ್ದಳು. ಕರೆಯೊಂದು ಬರಬೇಕಿತ್ತು.

ಅವನು ಬಟ್ಟಲು ಚಾಚಿದ.

“ಇದು ನಮ್ಮ ಮನೆಯಲ್ಲೂ ಇದೆ, ಸಾಹುಕಾರರೇ,” ಎಂದಳು ಈರವ್ವ. “ನಿಮಗೆ ಏನು ಬೇಕಾಗಿತ್ತು, ಅದನ್ನು ಹೇಳಿ.”

ಮೊದಲೆಲ್ಲ ಅವಳು ಅವನನ್ನು ತಮ್ಮ ಎಂದು ಕರೆಯುತ್ತಿದ್ದಳು. ಸಾಹುಕಾರ ಅನ್ನಿಸಿಕೊಂಡವನು ಬಾಗಿಲಲ್ಲಿ ನಿಂತು ಬೇಡುವುದು ಹೇಗೆ? ಬಾರವ್ವ ಎಂದಿದ್ದರೆ ಸಾಕಿತ್ತು. ಆ ಮಾತು ಗಂಟಲ ತನಕ ಬಂತು. ಬಾಯಿಂದ ಹೊರಟದ್ದು ಮಾತ್ರ ರೂಢಿಯ ಮಾತು.

“ಏನೂ ಬೇಡ. ಮನೆಯಲ್ಲಿ ಎಲ್ಲ ಇದೆ.”

ಈರವ್ವ ಸ್ವಲ್ಪ ಹೊತ್ತು ಅವನ ಮುಖ ನೋಡಿದಳು. ಆಮೇಲೆ ಗಿಂಡಿಯನ್ನು ಸೆರಗಿನ ಮರೆಗೆ ತೆಗೆದುಕೊಂಡಳು. ಅವನು ಮನೆಗೆ ಬಂದು, ಈರವ್ವ ಊರಿನಲ್ಲಿಲ್ಲ ಎಂದು ಹೆಂಡತಿಗೆ ಹೇಳಿದ.

ಸಂಜೆ ಗಾಡಿ ಬಂತು. ಮಗಳು ಉಳಿದಳು. ಮಗು ಉಳಿಯಲಿಲ್ಲ. ವ್ಯಾಪಾರಿ ಬಿಕ್ಕಿ ಬಿಕ್ಕಿ ಅತ್ತ. ಗೋಡೆಯ ಆಚೆ ಈರವ್ವನೂ ಅತ್ತಳು. ಅವಳದೂ ತಪ್ಪೇ, ಕರೆಯದಿದ್ದರೂ ಹೋಗಬೇಕಿತ್ತು ಎಂದು ನೀನು ಅನ್ನಬಹುದು. ಅವಳೂ ಸಾಯುವ ತನಕ ಅದನ್ನೇ ಅಂದುಕೊಂಡಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಆಮೇಲೆ ವ್ಯಾಪಾರಿಗೆ ಸಾಮಾನೆಂದರೆ ಬೇಸರ ಬಂದಿರಬೇಕು, ಎಲ್ಲವನ್ನೂ ದಾನ ಮಾಡಿರಬೇಕು ಎಂದ ಶಿಷ್ಯ. ಎಲ್ಲಿಯ ದಾನ, ಎಂದರು ಗುರುಗಳು. ಆ ತಿಂಗಳೇ ಅವನು ಹಿತ್ತಲಿನಲ್ಲಿ ಹೆರಿಗೆಗೆಂದೇ ಒಂದು ಕೋಣೆ ಕಟ್ಟಿಸಿದ. ಅದಕ್ಕೆ ಹೊಸ ಮಂಚ, ತಾಮ್ರದ ಹಂಡೆ ತರಿಸಿದ. ಇನ್ನೊಂದು ಗಾಡಿ ಕೊಂಡ. ಮುಂದೆ ಯಾರ ಬಾಗಿಲಿಗೂ ಹೋಗುವ ಪ್ರಸಂಗ ಬರಬಾರದು ಎಂದು ಕಂಡವರಿಗೆಲ್ಲ ಹೇಳಿದ.

ಶಿಷ್ಯನಿಗೆ ಸಿಟ್ಟು ಬಂತು. ಒಂದು ಜೀವ ಹೋದ ಮೇಲೂ ಅವನಿಗೆ ಮತ್ತೆ ಸಾಮಾನು ತರುವ ಮನಸ್ಸು ಹೇಗೆ ಬಂತು ಎಂದು ಕೇಳಿದ.

“ಕೇಳಲು ಬಾಯಿ ಬಾರದವನು ಇನ್ನೇನು ಮಾಡುತ್ತಾನೆ, ಮಗನೇ? ಕೊಳ್ಳುತ್ತಾನೆ,” ಎಂದರು ಗುರುಗಳು.